ಇಂಧನಕೋಶವೂ ನೆರೆಹೊರೆಯ ಧರ್ಮವೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬೆಂಕಿಪೆಟ್ಟಿಗೆಯು ಮನೆಮನೆಗೂ ಬರುವುದಕ್ಕೆ ಮುಂಚೆ ನಮ್ಮ ನಾಡಿನ ಹಳ್ಳಿಗಳಲ್ಲಿ ಒಂದು ಪದ್ಧತಿಯಿದ್ದಿತು. ಬೆಳಗಿನ ಜಾವದಲ್ಲಿ ಒಲೆಯನ್ನು ಹೊತ್ತಿಸಬೇಕಾದ ಗೃಹಿಣಿಯು ಬೆರಣಿಯ ಚೂರೊಂದನ್ನು ಹಿಡಿದು ನೆರೆಮನೆಗೆ ಹೋಗುವಳು. ಅಲ್ಲಿಯ ಒಲೆಯಿಂದ ಕೆಂಡವನ್ನು ತಂದು ತನ್ನ ಒಲೆಯನ್ನು ಉರಿಸುವಳು. ಕೊಟ್ಟವರ ಬೆಂಕಿಯು ಇದರಿಂದ ಕಡಮೆಯಾಗುತ್ತಿರಲಿಲ್ಲ. ತಂದವರು ಸಾಲಗಾರರೂ ಆಗುತ್ತಿರಲಿಲ್ಲ. ಅದಕ್ಕೆ ಲೆಕ್ಕವಿರಲಿಲ್ಲ, ಪತ್ರವಿರಲಿಲ್ಲ, ಸಾಕ್ಷಿಗಳಿರಲಿಲ್ಲ. ನೆರೆಹೊರೆಯೆಂಬ ಮಾತಿನ ಅರ್ಥವು ಆ ಒಂದು ಬೆರಣಿಯ ಚೂರಿನಲ್ಲಿಯೇ ಅಡಗಿದ್ದಿತೆಂದರೆ ತಪ್ಪಾಗಲಾರದು.

ಈಗಿನ ಕಾಲದ ಮನೆಗಳಲ್ಲಿ ಒಲೆಯ ಸ್ಥಾನವನ್ನು ಬಹುಮಟ್ಟಿಗೆ ವಿದ್ಯುಚ್ಛಕ್ತಿಯು ಆಕ್ರಮಿಸಿಕೊಂಡಿದೆ. ದೀಪ, ನೀರು, ಅಡಿಗೆ, ಮಕ್ಕಳ ಪಾಠ, ರೋಗಿಗಳ ಉಸಿರು, ಇವೆಲ್ಲವೂ ಒಂದು ತಂತಿಯನ್ನು ಅವಲಂಬಿಸಿವೆ. ಆ ಶಕ್ತಿಯನ್ನು ಪ್ರತಿಯೊಂದು ಮನೆಯಲ್ಲಿಯೇ ಉತ್ಪತ್ತಿ ಮಾಡತಕ್ಕ ಸಾಧನಗಳೂ ಈಗ ಬಂದಿವೆ. ಮಾಳಿಗೆಯ ಮೇಲಿನ ಸೌರಫಲಕವನ್ನು ಎಲ್ಲರೂ ಬಲ್ಲರು. ಅಷ್ಟಾಗಿ ಪರಿಚಿತವಲ್ಲದ ಇನ್ನೊಂದು ಸಾಧನವುಂಟು. ಅದರ ಹೆಸರು ಇಂಧನಕೋಶ. ಇಂತಹ ಕೋಶಗಳುಳ್ಳ ಮನೆಗಳು ತಮ್ಮಲ್ಲಿ ಹೆಚ್ಚಾದ ಶಕ್ತಿಯನ್ನು ಪರಸ್ಪರ ಹಂಚಿಕೊಳ್ಳಬಹುದೇ, ಹಂಚಿಕೊಂಡರೆ ಅದರ ನಿಯಮವೇನು, ಅದರಿಂದ ಯಾರಿಗೆ ಹಿತ ಎಂಬುದೇ ಈ ಉಪನ್ಯಾಸದ ವಿಷಯವು.

ಮೊದಲಲ್ಲಿಯೇ ಒಂದು ಭೇದವನ್ನು ಮನಸ್ಸಿನಲ್ಲಿಡತಕ್ಕದ್ದು. ವಿದ್ಯುಚ್ಛಕ್ತಿಯ ಸ್ವಭಾವವು ಕೆಂಡದಂತಹುದಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ಯೂನಿಟ್ಟು ಕೊಟ್ಟವರ ಮನೆಯಲ್ಲಿ ಉಳಿಯುವುದಿಲ್ಲ. ಹುಟ್ಟಿದ ಕ್ಷಣದಲ್ಲಿ ಅದನ್ನು ಉಪಯೋಗಿಸುವವರು ಇಲ್ಲದಿದ್ದರೆ, ಹಗೇವಿನಲ್ಲಿ ಜೋಳವನ್ನು ತುಂಬಿಟ್ಟಂತೆ ಸುಲಭವಾಗಿ ಅದನ್ನು ಇಡುವುದಕ್ಕೂ ಆಗದು. ಬ್ಯಾಟರಿಗಳು ಇವೆ, ಆದರೆ ಅವುಗಳಿಗೆ ಬೆಲೆಯೂ ಉಂಟು, ಆಯುಸ್ಸಿನ ಮಿತಿಯೂ ಉಂಟು. ಆದಕಾರಣ ಕೆಂಡವನ್ನು ಹಂಚಿದ ರೀತಿಯಲ್ಲಿ ಲೆಕ್ಕವಿಲ್ಲದೆ ವಿದ್ಯುತ್ತನ್ನು ಹಂಚಲು ಬರುವುದಿಲ್ಲ. ಅದು ಮಠದ ದಾಸೋಹದ ಉಗ್ರಾಣವನ್ನು ಹೋಲುತ್ತದೆ. ಉಗ್ರಾಣಕ್ಕೆ ಬಂದ ಒಂದೊಂದು ಚೀಲವೂ ಕಡತದಲ್ಲಿ ದಾಖಲಾಗುತ್ತದೆ; ಪಂಕ್ತಿಯಲ್ಲಿ ಕುಳಿತವರ ಎಲೆಯ ಮುಂದೆ ಮಾತ್ರ ಯಾರೂ ತಕ್ಕಡಿಯನ್ನು ತರುವುದಿಲ್ಲ. ಒಳಗೆ ಕಟ್ಟುನಿಟ್ಟಾದ ಲೆಕ್ಕ, ಹೊರಗೆ ಸಂಕೋಚವಿಲ್ಲದ ಕೈ, ಇವೆರಡೂ ಕೂಡಿದ್ದರಿಂದಲೇ ದಾಸೋಹವು ನೂರಾರು ವರ್ಷ ನಡೆದುಬಂದಿದೆ.

ಈ ವಿಷಯವನ್ನು ವಿಚಾರಿಸುವುದಕ್ಕೆ ಬೆಂಗಳೂರಿನ ಪೂರ್ವದಿಕ್ಕಿನಲ್ಲಿರುವ ಮಾರತ್ತಹಳ್ಳಿಯು ತಕ್ಕ ಸ್ಥಳವಾಗಿದೆ. ಹಳೆಯ ವಿಮಾನನಿಲ್ದಾಣದ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಈ ಊರು ಒಂದಾನೊಂದು ಕಾಲದಲ್ಲಿ ಹೊಲಗದ್ದೆಗಳ ನಡುವಣ ಸಾಮಾನ್ಯ ಹಳ್ಳಿ. ಸಮೀಪದಲ್ಲಿ ೧೯೪೦ರಲ್ಲಿ ವಿಮಾನದ ಕಾರ್ಖಾನೆಯು ಹುಟ್ಟಿತು. ಅನೇಕ ವರ್ಷಗಳ ತರುವಾಯ ವೈಟ್‌ಫೀಲ್ಡಿನಲ್ಲಿಯೂ ವರ್ತುಲರಸ್ತೆಯ ಉದ್ದಕ್ಕೂ ಗಣಕಯಂತ್ರದ ಉದ್ಯೋಗಗಳು ಬೆಳೆದವು. ಈಗ ದೊಡ್ಡನೆಕ್ಕುಂದಿ, ಮುನ್ನೇಕೊಳಾಲು, ಬೆಳ್ಳಂದೂರು, ವರ್ತೂರುಗಳವರೆಗೆ ಬಹು ಅಂತಸ್ತಿನ ವಸತಿಸಮುಚ್ಚಯಗಳು ಒತ್ತೊತ್ತಾಗಿ ನಿಂತಿವೆ. ಬೆಸ್ಕಾಂ ಕಂಪೆನಿಯ ವಿದ್ಯುತ್ತು ನಿಂತ ಮರುಕ್ಷಣದಲ್ಲಿ ಈ ಸಮುಚ್ಚಯಗಳ ಡೀಸಲ್ ಜನರೇಟರುಗಳು ಒಂದಾದಮೇಲೊಂದು ಗುಡುಗುತ್ತವೆ. ಒಂದು ಆವರಣದ ಯಂತ್ರವು ಅರ್ಧಹೊರೆಯಲ್ಲಿ ಎಣ್ಣೆಯನ್ನು ಸುಡುತ್ತಿರಲು, ಗೋಡೆಯಾಚೆಯ ಚಿಕ್ಕ ಕಟ್ಟಡದಲ್ಲಿ ನೀರೆತ್ತುವ ಪಂಪಿಗೂ ಶಕ್ತಿಯಿಲ್ಲದೆ ಜನರು ಕೊಡಗಳನ್ನು ಹಿಡಿದು ನಿಲ್ಲುವುದುಂಟು. ಗೋಡೆಯ ಎತ್ತರವು ಆರು ಅಡಿ. ಅದನ್ನು ದಾಟಲು ಶಕ್ತಿಗೆ ದಾರಿಯಿಲ್ಲ.

೨೦೨೨ರ ಸೆಪ್ಟೆಂಬರಿನ ಮಳೆಯನ್ನು ಆ ಭಾಗದ ಜನರು ಮರೆತಿರಲಾರರು. ಕೆರೆಗಳು ಉಕ್ಕಿದವು, ರಾಜಕಾಲುವೆಗಳು ರಸ್ತೆಗಳಾದವು, ಬೆಳ್ಳಂದೂರು, ಯಮಲೂರು, ಮಾರತ್ತಹಳ್ಳಿಯ ಸುತ್ತಣ ಅನೇಕ ಮನೆಗಳಿಂದ ಜನರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೊರಕ್ಕೆ ತರಬೇಕಾಯಿತು. ನೆಲಮಾಳಿಗೆಗಳಲ್ಲಿ ನೀರು ತುಂಬಿದ ಸಮುಚ್ಚಯಗಳಲ್ಲಿ ವಿದ್ಯುತ್ತೂ ಇಲ್ಲ, ಅದಿಲ್ಲದ ಕಾರಣ ಕುಡಿಯುವ ನೀರೂ ಇಲ್ಲ ಎಂಬ ಸ್ಥಿತಿಯುಂಟಾಯಿತು. ಕೈತುಂಬ ಸಂಬಳವಿದ್ದವರೂ ಆ ದಿನಗಳಲ್ಲಿ ಒಂದು ದೀಪಕ್ಕೆ ನೆರೆಯವರ ಮುಖವನ್ನು ನೋಡುವವರಾದರು. ತನ್ನ ಮನೆಗೆ ಬೇಕಾದ ಶಕ್ತಿಯನ್ನು ತಾನೊಬ್ಬನೇ ಹೊಂದಿಸಿಕೊಂಡರೆ ಸಾಕೆಂಬ ನಂಬಿಕೆಗೆ ಆ ಮಳೆಯು ಮರೆಯಲಾಗದ ಉತ್ತರವನ್ನು ಕೊಟ್ಟಿತು.

ಹಾಗಾದರೆ ಇಂಧನಕೋಶವೆಂಬುದು ಏನು? ಜಲಜನಕವೂ ಆಮ್ಲಜನಕವೂ ಕೂಡಿದರೆ ನೀರಾಗುವುದೆಂದು ಶಾಲೆಯ ಬಾಲಕರೂ ಬಲ್ಲರು. ಬೆಂಕಿಯ ಮೂಲಕ ಕೂಡಿಸಿದರೆ ಶಾಖವುಂಟಾಗುತ್ತದೆ. ಅವೆರಡರ ನಡುವೆ ಒಂದು ಪೊರೆಯನ್ನಿಟ್ಟು, ಜ್ವಾಲೆಯಿಲ್ಲದೆ ಮೆಲ್ಲಮೆಲ್ಲಗೆ ಕೂಡುವಂತೆ ಮಾಡಿದರೆ, ಎಲೆಕ್ಟ್ರಾನುಗಳು ಪೊರೆಯನ್ನು ದಾಟಲಾರದೆ ಹೊರಗಿನ ತಂತಿಯನ್ನು ಹಿಡಿದು ಸುತ್ತಿ ಬರಬೇಕಾಗುತ್ತದೆ. ಆ ಸುತ್ತಿನ ಹರಿವೇ ವಿದ್ಯುತ್ತು. ೧೮೩೯ರಲ್ಲಿ ವಿಲಿಯಂ ಗ್ರೋವ್ ಎಂಬ ವೇಲ್ಸ್ ದೇಶದ ವಿದ್ವಾಂಸನು ಈ ತತ್ತ್ವವನ್ನು ಪ್ರಯೋಗದಿಂದ ತೋರಿಸಿದನು. ಅದು ಉಪಯೋಗಕ್ಕೆ ಬರಲು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಚಂದ್ರಲೋಕಕ್ಕೆ ಹೋದ ಅಪೊಲೊ ನೌಕೆಗಳಲ್ಲಿ ದೀಪಗಳೂ ಯಂತ್ರಗಳೂ ಈ ಕೋಶಗಳಿಂದಲೇ ನಡೆದವು. ಕೋಶದಲ್ಲಿ ಹುಟ್ಟಿದ ನೀರನ್ನೇ ಯಾತ್ರಿಕರು ಕುಡಿದರು.

ಕೋಶಗಳಲ್ಲಿ ಹಲವು ಜಾತಿಗಳಿವೆ. ಮನೆಯ ಉಪಯೋಗಕ್ಕೆ ಎರಡು ಮುಖ್ಯವಾದವು. ಒಂದರಲ್ಲಿ ಪೊರೆಯು ತೆಳ್ಳಗಿನ ಪ್ಲಾಸ್ಟಿಕ್ಕಿನಂತಹುದು. ಅದು ನೀರು ಕುದಿಯುವುದಕ್ಕಿಂತ ಕಡಮೆ ಶಾಖದಲ್ಲಿ ಕೆಲಸಮಾಡುತ್ತದೆ. ಇನ್ನೊಂದರಲ್ಲಿ ಪೊರೆಯು ಪಿಂಗಾಣಿಯಂತಹ ಪದಾರ್ಥದ್ದು. ಅದರ ಒಡಲು ಸುಮಾರು ೭೦೦ ಡಿಗ್ರಿಯಷ್ಟು ಕಾದಿರಬೇಕು. ಈ ಎರಡನೆಯದು ವಿದ್ಯುತ್ತನ್ನು ಹೆಚ್ಚಾಗಿ ಕೊಡುತ್ತದೆ. ಆದರೆ ಗಂಟೆಗೊಮ್ಮೆ ಹೊತ್ತಿಸಿ ಆರಿಸುವುದನ್ನು ಸಹಿಸುವುದಿಲ್ಲ. ಕಾದು ತಣ್ಣಗಾಗಿ ಪದೇಪದೇ ಹಿಗ್ಗಿ ಕುಗ್ಗಿದರೆ ಪಿಂಗಾಣಿಯು ಬಿರುಕುಬಿಡುತ್ತದೆ. ಹಗಲಿರುಳೂ ಒಂದೇ ಸಮನೆ ನಡೆಯುವುದೇ ಅದಕ್ಕೆ ಹಿತ. ಇದನ್ನು ನೆನಪಿನಲ್ಲಿಟ್ಟರೆ ಹಂಚಿಕೆಯ ಪ್ರಶ್ನೆಯು ಎಲ್ಲಿಂದ ಹುಟ್ಟಿತೆಂಬುದು ತಾನಾಗಿಯೇ ತಿಳಿಯುತ್ತದೆ.

ಬೆಂಗಳೂರಿಗೆ ಈ ವಿದ್ಯೆಯು ಹೊಸತಲ್ಲ. ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಶುಕ್ಲ ಅವರೇ ಮೊದಲಾದ ವಿದ್ವಾಂಸರು ಇಂಧನಕೋಶಗಳ ವಿಷಯದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದರು. ಸಮುದ್ರತೀರದ ದಾಭೋಳದಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲವನ್ನು ತರುವ ಕೊಳವೆಮಾರ್ಗವು ೨೦೧೩ರಲ್ಲಿ ಲೋಕಾರ್ಪಣವಾಯಿತು. ಆ ದಶಕದಲ್ಲಿಯೇ ಬ್ಲೂಮ್ ಎನರ್ಜಿ ಎಂಬ ಸಂಸ್ಥೆಯ ಪಿಂಗಾಣಿಜಾತಿಯ ಕೋಶಗಳು ಬೆಂಗಳೂರಿನ ಇಂಟೆಲ್ ಸಂಸ್ಥೆಯ ಆವರಣದಲ್ಲಿ ಸ್ಥಾಪಿತವಾದವು. ಇವೆಲ್ಲವೂ ದೊಡ್ಡ ಉದ್ಯಮಗಳ ಮಾತಾಯಿತು. ಗೃಹಸ್ಥರ ಮನೆಗಳಲ್ಲಿ ಈ ಕೋಶಗಳು ನೆಲೆಗೊಂಡ ದೇಶವನ್ನು ಹುಡುಕಬೇಕಾದರೆ ಜಪಾನಿಗೆ ಹೋಗಬೇಕು.

ಜಪಾನಿನಲ್ಲಿ ೨೦೦೯ರಿಂದ ‘ಎನೆಫಾರ್ಮ್’ ಎಂಬ ಹೆಸರಿನಲ್ಲಿ ಮನೆಯ ಇಂಧನಕೋಶಗಳು ಮಾರಾಟಕ್ಕೆ ಬಂದವು. ಈಗ ಆ ದೇಶದಲ್ಲಿ ೪ ಲಕ್ಷಕ್ಕೂ ಮಿಕ್ಕಿ ಅವು ಸ್ಥಾಪಿತವಾಗಿವೆ. ಒಂದು ಬೀರುವಿನಷ್ಟು ಗಾತ್ರದ ಆ ಪೆಟ್ಟಿಗೆಯು ಅಡಿಗೆಯ ಅನಿಲದಿಂದ ಜಲಜನಕವನ್ನು ಬೇರ್ಪಡಿಸಿಕೊಂಡು ಸುಮಾರು ೭೦೦ ವಾಟ್ ವಿದ್ಯುತ್ತನ್ನು ಕೊಡುತ್ತದೆ. ಜೊತೆಗೆ ಹುಟ್ಟುವ ಶಾಖದಿಂದ ಸ್ನಾನದ ನೀರು ಕಾಯುತ್ತದೆ. ಡೀಸಲ್ ಜನರೇಟರು ಎಣ್ಣೆಯ ಶಕ್ತಿಯಲ್ಲಿ ಹೆಚ್ಚುಕಡಮೆ ಮೂರನೆಯ ಒಂದು ಪಾಲನ್ನು ಮಾತ್ರ ವಿದ್ಯುತ್ತಾಗಿಸಿ ಉಳಿದುದನ್ನು ಹೊಗೆಯಲ್ಲಿಯೂ ಬಿಸಿಯಲ್ಲಿಯೂ ಕಳೆಯುತ್ತದೆ. ಇಲ್ಲಿಯಾದರೋ ಶಾಖವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನೂರಕ್ಕೆ ೮೦ಕ್ಕೂ ಹೆಚ್ಚು ಭಾಗವು ಉಪಯೋಗಕ್ಕೆ ಬರುತ್ತದೆ. ೨೦೧೧ರ ಮಹಾಭೂಕಂಪದ ತರುವಾಯ, ಹೊರಗಿನ ವಿದ್ಯುತ್ತು ನಿಂತರೂ ತಾವೇ ನಡೆಯತಕ್ಕ ಮಾದರಿಗಳನ್ನು ಅಲ್ಲಿಯವರು ರೂಢಿಗೆ ತಂದರು.

ಒಸಾಕಾ ನಗರದ ಅನಿಲ ಕಂಪೆನಿಯು ೧೯೯೩ರಲ್ಲಿ ‘ನೆಕ್ಸ್ಟ್ ೨೧’ ಎಂಬ ೧೮ ಮನೆಗಳ ವಸತಿಗೃಹವೊಂದನ್ನು ಪ್ರಯೋಗಕ್ಕಾಗಿಯೇ ಕಟ್ಟಿಸಿ, ತನ್ನ ನೌಕರರ ಸಂಸಾರಗಳನ್ನು ಅಲ್ಲಿ ಇರಿಸಿತು. ಮುಂದಿನ ವರ್ಷಗಳಲ್ಲಿ ಅಲ್ಲಿಯ ಮನೆಗಳಿಗೆ ಇಂಧನಕೋಶಗಳನ್ನು ಜೋಡಿಸಿ, ಒಂದು ಮನೆಯಲ್ಲಿ ಹೆಚ್ಚಾದ ಶಕ್ತಿಯು ಇನ್ನೊಂದು ಮನೆಗೆ ಹೋಗುವಂತೆ ಏರ್ಪಡಿಸಿ ಪರೀಕ್ಷಿಸಿದರು. ಈ ಪ್ರಯೋಗದ ಒಳಗುಟ್ಟನ್ನು ಮಾರತ್ತಹಳ್ಳಿಯ ಕಲ್ಪಿತ ಉದಾಹರಣೆಯೊಂದರಿಂದ ವಿವರಿಸಬಹುದು.

ಒಂದು ಕಟ್ಟಡದಲ್ಲಿ ಹತ್ತು ಮನೆಗಳಿವೆಯೆಂದೂ ಪ್ರತಿಯೊಂದು ಮನೆಯು ದಿನಕ್ಕೆ ೮ ಯೂನಿಟ್ಟುಗಳನ್ನು ಉಪಯೋಗಿಸುವುದೆಂದೂ ಇಟ್ಟುಕೊಳ್ಳೋಣ. ೭೦೦ ವಾಟ್‌ನ ಒಂದು ಕೋಶವು ಹಗಲಿರುಳೂ ನಡೆದರೆ ೨೪ ಗಂಟೆಗಳಲ್ಲಿ ೧೬.೮ ಯೂನಿಟ್ಟು ಕೊಡುತ್ತದೆ. ಒಂದೇ ಮನೆಯನ್ನು ನೋಡಿದರೆ ಇದು ಬೇಕಾದುದರ ಇಮ್ಮಡಿಗೂ ಹೆಚ್ಚು. ಆದರೂ ಆ ಮನೆಗೆ ಸಾಲದು! ಬೆಳಗ್ಗೆ ಆರು ಗಂಟೆಗೆ ನೀರು ಕಾಯಿಸುವ ಗೀಜರನ್ನೂ ರುಬ್ಬುವ ಯಂತ್ರವನ್ನೂ ಒಟ್ಟಿಗೆ ಹಾಕಿದಾಗ ೨,೦೦೦ ವಾಟ್‌ಗಿಂತಲೂ ಹೆಚ್ಚು ಬೇಕು. ನಡುರಾತ್ರಿಯಲ್ಲಿ ಶೀತಪೆಟ್ಟಿಗೆಗೂ ಎರಡು ಪಂಕಗಳಿಗೂ ೨೦೦ ವಾಟ್ ಸಾಕು. ಕೋಶವೋ ಏರುಪೇರನ್ನು ಒಲ್ಲದು. ಹೀಗಿರಲು ರಾತ್ರಿಯಲ್ಲಿ ೫೦೦ ವಾಟ್ ದಂಡ, ಬೆಳಗ್ಗೆ ೧,೩೦೦ ವಾಟ್ ಕೊರತೆ. ಹತ್ತು ಮನೆಯವರೂ ಹತ್ತು ಕೋಶಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡರೆ ಹತ್ತು ಕಡೆಯಲ್ಲಿಯೂ ಇದೇ ದಂಡ, ಇದೇ ಕೊರತೆ.

ಅವರೇ ಕೂಡಿಕೊಂಡರೆ ಲೆಕ್ಕವು ಬದಲಾಗುತ್ತದೆ. ಹತ್ತು ಮನೆಗಳ ಒಟ್ಟು ಬೇಡಿಕೆ ೮೦ ಯೂನಿಟ್ಟು. ಐದು ಕೋಶಗಳ ಒಟ್ಟು ಉತ್ಪತ್ತಿ ೮೪ ಯೂನಿಟ್ಟು. ಹತ್ತರ ಕೆಲಸಕ್ಕೆ ಐದು ಸಾಕು. ವೃದ್ಧ ದಂಪತಿಗಳಿರುವ ಮನೆಯಲ್ಲಿ ಹಗಲೆಲ್ಲ ಪಂಕವು ತಿರುಗುತ್ತದೆ. ಗಂಡಹೆಂಡಿರಿಬ್ಬರೂ ಕಚೇರಿಗೆ ಹೋಗುವ ಮನೆಗೆ ಹಗಲು ಬೀಗ, ರಾತ್ರಿ ಕೆಲಸ. ರಾತ್ರಿಪಾಳಿಯವನು ಹಗಲು ಹತ್ತು ಗಂಟೆಗೆ ಸ್ನಾನ ಮಾಡುತ್ತಾನೆ. ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಬೇಕಾಗುವುದಿಲ್ಲವೆಂಬ ಈ ಸಾಮಾನ್ಯ ಸಂಗತಿಯೇ ಹಂಚಿಕೆಯ ಬಂಡವಾಳ. ಕ್ಷಣಿಕವಾದ ಹೆಚ್ಚಿನ ಬೇಡಿಕೆಗೆ ಬೆಸ್ಕಾಂ ತಂತಿಯಾಗಲಿ ಚಿಕ್ಕದೊಂದು ಬ್ಯಾಟರಿಯಾಗಲಿ ಇದ್ದೇ ಇರಬೇಕು. ಹಂಚಿಕೆಯಿಂದ ಅದು ಪೂರ್ತಿಯಾಗಿ ಇಲ್ಲವಾಗುವುದೆಂದು ಭ್ರಮಿಸತಕ್ಕದ್ದಲ್ಲ. ಇನ್ನು ಶಾಖದ ಮಾತು. ಬಿಸಿನೀರು ಕೊಳವೆಯಲ್ಲಿ ದೂರ ಹೋದಂತೆ ತಣ್ಣಗಾಗುತ್ತದೆ. ಆದುದರಿಂದ ವಿದ್ಯುತ್ತನ್ನು ಬೀದಿಯಾಚೆಗೆ ಕೊಡಬಹುದಾದರೂ ಶಾಖವನ್ನು ಮಗ್ಗುಲ ಮನೆಗೋ ಮೇಲಿನ ಅಂತಸ್ತಿಗೋ ಮಾತ್ರ ಕೊಡಬಹುದು.

ಕೊಡುವವನು ಯಾವಾಗಲೂ ಕೊಡುವವನಾಗಿಯೇ ಇರುತ್ತಾನೆಂದು ಗರ್ವಿಸಬಾರದು. ೧೯೭೦ರ ಏಪ್ರಿಲಿನಲ್ಲಿ ಚಂದ್ರನ ಕಡೆಗೆ ಹೊರಟ ಅಪೊಲೊ ೧೩ರ ಕಥೆಯು ಇದಕ್ಕೆ ಸಾಕ್ಷಿ. ಮುಖ್ಯನೌಕೆಗೆ ಇಂಧನಕೋಶಗಳು ಶಕ್ತಿಯನ್ನು ಒದಗಿಸುತ್ತಿದ್ದವು. ಚಂದ್ರನ ಮೇಲೆ ಇಳಿಯಬೇಕಾದ ಚಿಕ್ಕ ನೌಕೆಗೆ ಬ್ಯಾಟರಿಗಳು ಮಾತ್ರ. ಪ್ರಯಾಣದಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಒಂದು ತಂತಿಯ ಮೂಲಕ ಅಲ್ಪಸ್ವಲ್ಪ ವಿದ್ಯುತ್ತು ಹೋಗುತ್ತಿದ್ದಿತು. ದಾರಿಯಲ್ಲಿ ಆಮ್ಲಜನಕದ ಭಾಂಡವು ಸಿಡಿದು ಕೋಶಗಳೆಲ್ಲ ಸತ್ತವು. ಮೂವರು ಯಾತ್ರಿಕರೂ ಚಿಕ್ಕ ನೌಕೆಯಲ್ಲಿ ಆಶ್ರಯ ಪಡೆದರು. ಕಡೆಗೆ ಭೂಮಿಗೆ ಇಳಿಯಲು ಮುಖ್ಯನೌಕೆಯನ್ನೇ ಎಚ್ಚರಗೊಳಿಸಬೇಕಾಗಿ ಬಂದಾಗ, ಅದೇ ತಂತಿಯಲ್ಲಿ ಶಕ್ತಿಯನ್ನು ಹಿಂದುಮುಂದಾಗಿ ಹರಿಯಿಸಿ, ಚಿಕ್ಕದರ ಬ್ಯಾಟರಿಯಿಂದ ದೊಡ್ಡದರ ಬ್ಯಾಟರಿಯನ್ನು ತುಂಬಿದರು. ಮೂವರ ಪ್ರಾಣವೂ ಉಳಿಯಿತು. ತಂತಿಯು ಮೊದಲೇ ಇದ್ದುದರಿಂದ ಇದು ಸಾಧ್ಯವಾಯಿತು. ಆಪತ್ತು ಬಂದಮೇಲೆ ತಂತಿಯನ್ನು ಎಳೆಯಲು ಸಮಯ ಎಲ್ಲಿಯದು?

ಹಾಗೆಂದು ಯಾರೂ ಈ ಸಭೆಯಿಂದ ಹೋದವರೇ ನೆರೆಮನೆಗೆ ತಂತಿಯನ್ನು ಕಟ್ಟತಕ್ಕದ್ದಲ್ಲ. ಇಲ್ಲಿ ಪ್ರಾಣಾಪಾಯವಿದೆ. ಬೀದಿಯ ವಿದ್ಯುತ್ತನ್ನು ನಿಲ್ಲಿಸಿ ಲೈನ್‌ಮನ್ನನು ಕಂಬವನ್ನು ಹತ್ತಿರುವಾಗ, ಯಾವುದೋ ಮನೆಯ ಕೋಶವೋ ಜನರೇಟರೋ ಸೌರಫಲಕವೋ ಅದೇ ತಂತಿಗೆ ಶಕ್ತಿಯನ್ನು ನೂಕಿದರೆ, ಸತ್ತಿದೆಯೆಂದು ಆತನು ಮುಟ್ಟಿದ ತಂತಿಯು ಜೀವಂತವಾಗಿರುತ್ತದೆ. ಮನೆಗೆ ಬರುವ ಕಡಮೆ ಒತ್ತಡದ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದಕ್ಕೆ ಹೋದರೆ ಸಾವಿರಾರು ವೋಲ್ಟುಗಳಾಗಿ ಬೆಳೆಯುತ್ತದೆ. ಆದುದರಿಂದಲೇ ಬೀದಿಯ ವಿದ್ಯುತ್ತು ನಿಂತ ಕೂಡಲೆ ಮನೆಯ ಉತ್ಪಾದಕವು ಬೀದಿಯಿಂದ ತಾನಾಗಿಯೇ ಕಳಚಿಕೊಳ್ಳತಕ್ಕದ್ದೆಂಬ ನಿಯಮವಿದೆ. ನೆರೆಯವನಿಗೆ ದೀಪವನ್ನು ಕೊಡಹೋಗಿ ಕಂಬದ ಮೇಲಿನ ಕಾಯಕಜೀವಿಯ ಮನೆಯ ದೀಪವನ್ನು ನಂದಿಸುವುದು ಪರೋಪಕಾರವಾಗಲಾರದು.

ಶಾಸನವೂ ಇದನ್ನು ಗಮನಿಸಿದೆ. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ಮೇರೆಗೆ ವಿದ್ಯುತ್ತನ್ನು ಉತ್ಪತ್ತಿ ಮಾಡಲು ಲೈಸೆನ್ಸು ಬೇಕಿಲ್ಲ. ಆದರೆ ಇತರರಿಗೆ ವಿತರಣೆ ಮಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಲೈಸೆನ್ಸು ಬೇಕು. ಆದಕಾರಣ ನೆರೆಹೊರೆಯ ಹಂಚಿಕೆಯು ವಿತರಣಾ ಕಂಪೆನಿಯ ತಂತಿಯ ಮೂಲಕ, ಆಯೋಗದ ಅನುಮತಿಯಿಂದ, ಎರಡು ಕಡೆಯೂ ಅಳೆಯುವ ಮೀಟರುಗಳ ಸಾಕ್ಷಿಯಿಂದ ನಡೆಯತಕ್ಕದ್ದು. ಇದು ಅಸಾಧ್ಯವಲ್ಲ. ಲಕ್ನೋ ನಗರದಲ್ಲಿ ೨೦೨೦-೨೧ರ ಸುಮಾರಿನಲ್ಲಿ, ಮಾಳಿಗೆಯ ಮೇಲೆ ಸೌರಫಲಕವುಳ್ಳವರು ತಮ್ಮ ಹೆಚ್ಚುವರಿ ಶಕ್ತಿಯನ್ನು ನೆರೆಯ ಗ್ರಾಹಕರಿಗೆ ಒಪ್ಪಂದದ ಬೆಲೆಗೆ ಕೊಡುವ ಪ್ರಯೋಗವು ಉತ್ತರಪ್ರದೇಶದಲ್ಲಿ ನಡೆಯಿತು. ಸೂರ್ಯನಿಂದ ಬಂದ ಯೂನಿಟ್ಟಿಗೆ ಮಾಡಿದ ಲೆಕ್ಕವನ್ನು ಇಂಧನಕೋಶದ ಯೂನಿಟ್ಟಿಗೂ ಮಾಡಬಹುದು. ಮೀಟರಿಗೆ ಮೂಲದ ಭೇದವು ತಿಳಿಯದು.

ಶಕ್ತಿಯನ್ನು ಕೂಡಿ ಅನುಭವಿಸುವ ವಿದ್ಯೆಯನ್ನು ಕನ್ನಡಿಗರು ಪರರಿಂದ ಕಲಿಯಬೇಕಾಗಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಜಲವಿದ್ಯುತ್ತು ೧೯೦೨ರಲ್ಲಿ ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗಾಗಿ ಹರಿಯಿತು. ಗಣಿಗಳಿಗಾಗಿ ಹುಟ್ಟಿದ ಅದೇ ಶಕ್ತಿಯು ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಉರಿಯಿತು. ಅದೇ ೧೯೦೫ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳ ಗ್ರಾಮದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಭಾರತದಲ್ಲಿಯೇ ಮೊದಲನೆಯದೆನಿಸಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಒಂದು ಊರಿನಲ್ಲಿ ವಿದ್ಯುತ್ತಿನ ದೀಪವೂ ಇನ್ನೊಂದು ಊರಿನಲ್ಲಿ ಸಹಕಾರದ ದೀಪವೂ ಒಂದೇ ವರ್ಷದಲ್ಲಿ ಹೊತ್ತಿದವು. ಅವೆರಡೂ ಒಂದೆಡೆಯಲ್ಲಿ ಕೂಡಿದುದು ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ. ೧೯೬೯ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ವಿದ್ಯುತ್ತನ್ನು ಸಗಟಾಗಿ ಕೊಂಡು ಆ ತಾಲ್ಲೂಕಿನ ಹಳ್ಳಿಗಳಿಗೆ ತಾನೇ ವಿತರಣೆ ಮಾಡುತ್ತ ಬಂದಿದೆ. ಅಲ್ಲಿ ಬಳಸುವವನೇ ಸದಸ್ಯ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ‘ಸೂರ್ಯರೈತ’ ಯೋಜನೆಯ ಮೂಲಕ ರೈತರು ಸೌರಶಕ್ತಿಯಿಂದ ಪಂಪುಗಳನ್ನು ನಡೆಯಿಸಿ, ಮಿಕ್ಕ ವಿದ್ಯುತ್ತನ್ನು ಬೆಸ್ಕಾಂ ಕಂಪೆನಿಗೆ ಕೊಟ್ಟರು. ರೈತರ ಕೈಯಲ್ಲಿ ಆದುದು ಮಾರತ್ತಹಳ್ಳಿಯ ವಿದ್ಯಾವಂತ ಗೃಹಸ್ಥರ ಕೈಯಲ್ಲಿ ಆಗದೆಂದು ಹೇಳಲು ಕಾರಣವಿಲ್ಲ.

ಇಂಧನಕೋಶವನ್ನು ಹೊಗಳುವಾಗ ಅದರ ಕುಂದುಗಳನ್ನು ಮುಚ್ಚಿಡುವುದು ಸರಿಯಲ್ಲ. ಮೊದಲನೆಯದಾಗಿ ಅದರ ಬೆಲೆಯು ಸಾಮಾನ್ಯ ಗೃಹಸ್ಥನಿಗೆ ಎಟುಕುವಂತಹುದಲ್ಲ; ಜಪಾನಿನಲ್ಲಿಯೂ ಸರ್ಕಾರವು ಸಹಾಯಧನವನ್ನು ಕೊಟ್ಟೇ ಅದನ್ನು ಮನೆಗಳಿಗೆ ತಂದಿತು. ಎರಡನೆಯದಾಗಿ, ಕೋಶದಲ್ಲಿ ಜ್ವಾಲೆಯಿಲ್ಲದಿದ್ದರೂ ನೈಸರ್ಗಿಕ ಅನಿಲದಿಂದ ನಡೆಯುವ ಕೋಶವು ಅಂಗಾರಾಮ್ಲವನ್ನು ಹೊರಗೆ ಬಿಡುತ್ತದೆ. ಡೀಸಲಿನ ಮಸಿ ಇಲ್ಲ, ಗದ್ದಲವಿಲ್ಲ. ಆದರೆ ಅದು ಪೂರ್ತಿಯಾಗಿ ನಿರ್ದೋಷಿಯಲ್ಲ. ಶುದ್ಧ ಜಲಜನಕವು ದೊರೆತರೆ ಮಾತ್ರ ನೀರಲ್ಲದೆ ಬೇರಾವ ಕಲ್ಮಷವೂ ಹೊರಡದು. ಭಾರತ ಸರ್ಕಾರವು ೨೦೨೩ರ ಜನವರಿಯಲ್ಲಿ ಅಂಗೀಕರಿಸಿದ ಹಸಿರು ಜಲಜನಕದ ರಾಷ್ಟ್ರೀಯ ಯೋಜನೆಯು ೨೦೩೦ರ ವೇಳೆಗೆ ವರ್ಷಕ್ಕೆ ೫೦ ಲಕ್ಷ ಟನ್ ಉತ್ಪತ್ತಿಯನ್ನು ಗುರಿಯಾಗಿಟ್ಟಿದೆ. ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ದಾಸಪ್ಪ ಅವರ ತಂಡವು ಕೃಷಿಯ ಕಸಕಡ್ಡಿಯಂತಹ ಜೀವದ್ರವ್ಯದ ಒಂದು ಕಿಲೋಗ್ರಾಮಿನಿಂದ ೧೦೦ ಗ್ರಾಂ ಜಲಜನಕವನ್ನು ಪಡೆಯುವ ವಿಧಾನವನ್ನು ಕಂಡುಹಿಡಿದಿದೆ. ಹೊಲದ ತ್ಯಾಜ್ಯವು ಪಟ್ಟಣದ ದೀಪವಾದರೆ, ಹಂಚಿಕೆಯು ಮನೆಮನೆಗಳ ನಡುವೆ ನಿಲ್ಲದೆ ಹಳ್ಳಿ ಪಟ್ಟಣಗಳ ನಡುವಣ ವ್ಯವಹಾರವೂ ಆದೀತು.

ಮೂರನೆಯ ಕುಂದು ಯಂತ್ರದ್ದಲ್ಲ, ಮನುಷ್ಯರದು. ಎಲ್ಲಕ್ಕಿಂತ ದೊಡ್ಡದೂ ಅದೇ. ಇಂಧನಕೋಶವುಳ್ಳ ಮನೆಗಳು ತಮ್ಮತಮ್ಮಲ್ಲಿಯೇ ಶಕ್ತಿಯನ್ನು ಹಂಚಿಕೊಂಡರೆ ಅದು ಉಳ್ಳವರ ನಡುವಣ ವಿನಿಮಯವಾಯಿತು. ಅದರಲ್ಲಿ ದೋಷವಿಲ್ಲ, ಆದರೆ ಅದಕ್ಕೆ ದೊಡ್ಡ ಹೆಸರನ್ನು ಕೊಡಬೇಕಾಗಿಲ್ಲ. ಮಾರತ್ತಹಳ್ಳಿಯ ಎತ್ತರದ ಕಟ್ಟಡಗಳ ಬುಡದಲ್ಲಿಯೇ ಅವನ್ನು ಕಟ್ಟಿದ ಕೂಲಿಕಾರರ ತಗಡಿನ ಗುಡಿಸಲುಗಳಿವೆ. ರಾಯಚೂರು, ಕಲಬುರಗಿ ಮೊದಲಾದ ಜಿಲ್ಲೆಗಳಿಂದಲೂ ಹೊರನಾಡುಗಳಿಂದಲೂ ಬಂದ ಸಂಸಾರಗಳು ಅಲ್ಲಿ ವಾಸಿಸುತ್ತವೆ. ಮನೆಗೆಲಸದ ಹೆಂಗಸರೂ ಕಾವಲುಗಾರರೂ ಬೆಳಗಾಗುವ ಮುನ್ನ ಅಲ್ಲಿಂದಲೇ ಬರುತ್ತಾರೆ. ನಡುರಾತ್ರಿಯಲ್ಲಿ ಮೇಲಿನ ಅಂತಸ್ತಿನ ಕೋಶದಲ್ಲಿ ದಂಡವಾಗುವ ೫೦೦ ವಾಟ್ ಆ ತಗಡಿನ ಕೆಳಗೆ ಹಲವು ಪಂಕಗಳನ್ನು ಸಲೀಸಾಗಿ ತಿರುಗಿಸಬಲ್ಲದು. ಬೇಸಗೆಯ ಆ ತಗಡಿನಡಿಯಲ್ಲಿ ಮಲಗಿದ ಕೂಸಿಗೆ ಇದು ನಿದ್ರೆಯ ಪ್ರಶ್ನೆ.

ಹಂಚಿಕೆಯ ನಿಬಂಧನೆಗಳನ್ನು ಬರೆಯುವ ಕಾಲವು ಬಂದಾಗ, ಕೋಶವಿಲ್ಲದ ಮನೆಯೂ ಆ ಬಳಗದ ಸದಸ್ಯನಾಗಬಹುದೇ ಎಂಬ ಒಂದು ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳತಕ್ಕದ್ದು. ಆಗಬಹುದಾದರೆ, ತಂತಿಯೂ ಮೀಟರೂ ಕಾಯಿದೆಯೂ ಸಾರ್ಥಕ. ಹುಕ್ಕೇರಿಯ ಸಂಘವು ಪವರ್‌ಹೌಸನ್ನು ಹೊಂದಿದವರ ಸಂಘವಾಗಿರಲಿಲ್ಲ. ದೀಪ ಬೇಕಾದವರ ಸಂಘವಾಗಿತ್ತು. ದಾಸೋಹದ ಪಂಕ್ತಿಯಲ್ಲಿಯೂ ಚೀಲ ತಂದವನಿಗೊಂದು ಎಲೆ, ತಾರದವನಿಗೊಂದು ಎಲೆ ಎಂಬ ಭೇದವಿಲ್ಲ.

ಕೋಶವು ಮನೆಮನೆಗೆ ಬರುವವರೆಗೂ ಕೈಕಟ್ಟಿ ಕುಳಿತಿರಬೇಕೆಂದೇನೂ ಇಲ್ಲ. ಪ್ರತಿಯೊಂದು ವಸತಿಸಮುಚ್ಚಯದವರೂ ತಮ್ಮಲ್ಲಿ ಯಾವ ಗಂಟೆಯಲ್ಲಿ ಎಷ್ಟು ವಿದ್ಯುತ್ತು ವ್ಯಯವಾಗುವುದೆಂಬುದನ್ನು ಒಂದು ತಿಂಗಳು ಬರೆದಿಡಬಹುದು. ಹಂಚಿಕೆಯ ವಿಚಾರಕ್ಕೆಲ್ಲ ಅದೇ ತಳಹದಿ. ಕತ್ತಲಾದಾಗ ಮೊದಲು ಯಾವುದಕ್ಕೆ ಶಕ್ತಿ ಸಲ್ಲಬೇಕೆಂಬುದನ್ನು, ರೋಗಿಯ ಉಸಿರಿನ ಯಂತ್ರ, ನೀರಿನ ಪಂಪು, ಲಿಫ್ಟು, ಆಮೇಲೆ ಉಳಿದುದು ಎಂಬ ಕ್ರಮದಲ್ಲಿ, ಸಭೆ ಸೇರಿ ಒಮ್ಮತದಿಂದ ಗೊತ್ತುಮಾಡಬಹುದು. ನೆಲಮಾಳಿಗೆಯ ವಿದ್ಯುತ್ಫಲಕಗಳನ್ನು ನೆರೆನೀರು ಮುಟ್ಟದ ಎತ್ತರಕ್ಕೆ ಏರಿಸಬಹುದು. ಬೆಸ್ಕಾಂ ಕಂಪೆನಿಗೂ ಆಯೋಗಕ್ಕೂ ಒಬ್ಬೊಬ್ಬರಾಗಿ ಬರೆಯುವುದಕ್ಕಿ೦ತ ಹತ್ತು ಸಮುಚ್ಚಯಗಳವರು ಕೂಡಿ ಮನವಿಯನ್ನು ಸಲ್ಲಿಸಬಹುದು. ಇವಕ್ಕೆ ಹಣವು ಅಷ್ಟಾಗಿ ಬೇಕಿಲ್ಲ. ನೆರೆಯವನ ಹೆಸರನ್ನು ತಿಳಿದಿರಬೇಕಾದುದೊಂದೇ ಮುಖ್ಯ.

ಬೆರಣಿಯ ಚೂರನ್ನು ಹಿಡಿದು ಬಂದ ಗೃಹಿಣಿಗೆ ನೆರೆಮನೆಯ ಬಾಗಿಲು ತೆರೆದಿರುತ್ತಿದ್ದಿತು; ಒಳಗೆ ಕೆಂಡವಿದ್ದುದು ಆಮೇಲಿನ ಮಾತು. ಮುಂದೆ ಬರುವ ಕಾಲದ ಒಲೆಯು ಇಂಧನಕೋಶವೇ ಆಗಲಿ, ಬೇರೊಂದೇ ಆಗಲಿ, ಆ ಬಾಗಿಲನ್ನು ತೆರೆದಿಡುವ ಕೆಲಸವು ಯಂತ್ರದಿಂದ ಆಗತಕ್ಕದ್ದಲ್ಲ. ಅದು ಈ ಸಭೆಯಲ್ಲಿ ನೆರೆದಿರುವ ಗೃಹಸ್ಥರಿಂದಲೂ ಗೃಹಿಣಿಯರಿಂದಲೂ ಆಗಬೇಕಾದ ಕೆಲಸವಾಗಿದೆ.